ಹೊಸ ಖೋಲಿಗೆ ಹಳೆಯ ವಾಯರು

ಕಲಬುರಗಿಯಲ್ಲಿ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿ, ಸೊಲ್ಲಾಪುರ ದಾಟಿ, ದೌಂಡಿನಲ್ಲಿ ಇಳಿದು, ಅಲ್ಲಿಂದ ಹತ್ತು ಕಿಲೋಮೀಟರಿನಷ್ಟು ಟಮ್‌ಟಮ್‌ನಲ್ಲಿ ಬಂದರೆ ಕುರಕುಂಭ ಸಿಗುತ್ತದೆ. ಪುಣೆ–ಸೊಲ್ಲಾಪುರ ಹೆದ್ದಾರಿಯ ಮೇಲಿನ ಊರು. ಒಂದು ಕಡೆ ಫಿರಂಗಾಯಿ ದೇವಿಯ ಗುಡಿ, ಇನ್ನೊಂದು ಕಡೆ ಎಂಐಡಿಸಿ ಕೈಗಾರಿಕಾ ವಸಾಹತಿನ ರಾಸಾಯನಿಕ ಕಾರ್ಖಾನೆಗಳು. ಅಫಜಲಪುರ, ಇಂಡಿ, ಆಳಂದದ ಕಡೆಯಿಂದ ಹೊಟ್ಟೆಪಾಡಿಗೆ ಬಂದ ನಮ್ಮಂಥವರಿಗೆ ಇದು ತೀರಾ ಪರಸ್ಥಳ ಅನ್ನಿಸುವುದಿಲ್ಲ. ದೌಂಡಿನ ಮಗ್ಗುಲಲ್ಲಿ ಹರಿಯುವ ಭೀಮೆಯೇ ಉಜನಿ ಅಣೆಕಟ್ಟಿನಲ್ಲಿ ಸ್ವಲ್ಪ ದಣಿವಾರಿಸಿಕೊಂಡು, ಪಂಢರಪುರ ದಾಟಿ, ನಮ್ಮ ಸೊನ್ನ ಬ್ಯಾರೇಜಿಗೆ ಬರುತ್ತಾಳೆ. ನಾವು ನೀರಿಗೆ ಎದುರಾಗಿ ಬಂದವರು, ಅಷ್ಟೇ.

ನಾನು ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೆಂಟೆನನ್ಸ್ ಕೆಲಸ ಮಾಡಿ ನಿವೃತ್ತನಾದವನು. ಇವತ್ತು ಮಾತಾಡಬೇಕಾದದ್ದು ಕಾರ್ಖಾನೆಯ ವಿಷಯವಲ್ಲ, ಮನೆಯದು. ಅದರಲ್ಲೂ ಇದ್ದ ಮನೆಗೆ ಒಂದು ಖೋಲಿ ಕೂಡಿಸಿದಾಗ ಆ ಖೋಲಿಗೆ ಕರೆಂಟು ಎಲ್ಲಿಂದ ಬರುತ್ತದೆ ಎಂಬುದು.

ಇಲ್ಲಿಗೆ ಬಂದವರ ಮನೆ ಹೇಗೆ ಬೆಳೆಯುತ್ತದೆ ಎಂದು ಹೇಳುತ್ತೇನೆ. ಮೊದಲು ಬಾಡಿಗೆ ಖೋಲಿ. ಹತ್ತು ವರ್ಷ ದುಡಿದ ಮೇಲೆ ಒಂದು ಗುಂಟೆ ಜಾಗ, ಅದರಲ್ಲಿ ಎರಡು ಅಂಕಣದ ಮನೆ. ಊರಿನಿಂದ ತಮ್ಮ ಬರುತ್ತಾನೆ, ಹಿತ್ತಲಲ್ಲಿ ಒಂದು ಪತ್ರಾಸಿನ ಶೆಡ್ಡು ಏಳುತ್ತದೆ. ಮಗನಿಗೆ ಹೆಣ್ಣು ನಿಕ್ಕಿಯಾಗುತ್ತದೆ, ಮಾಳಿಗೆಯ ಮೇಲೆ ಒಂದು ಖೋಲಿ. ಆಮೇಲೆ ಬಾಡಿಗೆಯ ಆಸೆಗೆ ಇನ್ನೊಂದು. ಬಾಳೆಗಿಡದ ಬುಡದಲ್ಲಿ ಮರಿ ಎದ್ದಂತೆ ಖೋಲಿಗಳು ಏಳುತ್ತಲೇ ಇರುತ್ತವೆ. ಗವಂಡಿಗೆ ದುಡ್ಡು ಎಣಿಸುತ್ತೇವೆ, ಸಿಮೆಂಟು ಯಾವ ಕಂಪನಿಯದು ಎಂದು ಕೇಳುತ್ತೇವೆ, ಬಾಗಿಲ ಚೌಕಟ್ಟಿಗೆ ಅರಿಸಿನ ಕುಂಕುಮ ಹಚ್ಚುತ್ತೇವೆ. ಎಲ್ಲ ಮುಗಿದ ಮೇಲೆ ಕೊನೆಯ ದಿನ ನನ್ನಂಥವನನ್ನು ಕರೆದು ಹೇಳುತ್ತಾರೆ: "ಮಾಮಾ, ಒಂದ ಬೋರ್ಡ ಹಾಕಿಕೊಡ್ರಿ. ಅಡಗಿಮನಿ ಪ್ಲಗ್ಗಿಂದ ಎಳದ್ರ ಆತು."

ಎಳೆದರೆ ಆಗುವುದಿಲ್ಲ. ಅದನ್ನು ಹೇಳುವುದಕ್ಕೇ ಬಂದಿದ್ದೇನೆ. ಹೇಳುವ ಹಕ್ಕು ನನಗೆ ಬಂದದ್ದು ಬೇರೆಯವರ ತಪ್ಪು ನೋಡಿ ಅಲ್ಲ, ನಾನೇ ಒಮ್ಮೆ ಎಳೆದಿದ್ದೆ.

1998ರ ಮಾತು. ನಮ್ಮ ಮನೆಯ ಹಿಂದೆ ಒಂದು ಖೋಲಿ ಕಟ್ಟಿಸಿದೆ. ಅಡುಗೆಮನೆಯ ಗೋಡೆಯ ಆಚೆಗೇ ಹೊಸ ಖೋಲಿ. ಪ್ಲಗ್ಗಿನ ಬೋರ್ಡು ಬಿಚ್ಚಿ, ಗೋಡೆಗೆ ತೂತು ಹಾಕಿ, ಮೇನಿನಿಂದ ಬಂದ ವಾಯರಿಗೆ ಪ್ಲಗ್ಗಿನ ವಾಯರನ್ನೂ ಹೊಸ ಖೋಲಿಯ ವಾಯರನ್ನೂ ಸೇರಿಸಿ ಹುರಿ ಮಾಡಿ, ಮೇಲೆ ಕರಿ ಟೇಪು ಸುತ್ತಿದೆ. ಅರ್ಧ ಗಂಟೆಯ ಕೆಲಸ. ದೀಪ ಹತ್ತಿತು, ಫ್ಯಾನು ತಿರುಗಿತು, ಹೆಂಡತಿ ಮೆಚ್ಚಿದಳು. ಚಳಿಗಾಲ ಬಂತು. ಬೆಳಿಗ್ಗೆ ಐದಕ್ಕೆ ಹಿಂದಿನ ಖೋಲಿಯಲ್ಲಿ ಸ್ನಾನದ ನೀರಿಗೆ ರಾಡು, ಈಚೆ ಅಡುಗೆಮನೆಯಲ್ಲಿ ಸುರುಳಿ ಹೀಟರಿನ ಮೇಲೆ ಚಹಾ. ಆ ಕಾಲದಲ್ಲಿ ಗ್ಯಾಸ್ ಸಿಲಿಂಡರಿಗೆ ಕಾಯಬೇಕಿತ್ತು, ಹೀಟರು ಎಲ್ಲರ ಮನೆಯಲ್ಲೂ ಇತ್ತು. ಒಂದು ವಾರವಾದ ಮೇಲೆ ಹೆಂಡತಿ, "ಒಣಮೀನಿನ ವಾಸನೆ ಬರ್ತದ, ಯಾರ ಮನಿಯಾಗ ಮಾಡ್ಯಾರ?" ಅಂದಳು. ನಾವು ಮೀನು ಮುಟ್ಟದವರು. ಓಣಿಯಲ್ಲಿ ಹುಡುಕಿದೆವು, ಎಲ್ಲಿಯೂ ಇಲ್ಲ. ವಾಸನೆ ಬರುತ್ತಿದ್ದದ್ದು ನಮ್ಮದೇ ಬೋರ್ಡಿನಿಂದ. ಸ್ವಿಚ್ಚಿನ ಬೇಕಲೈಟು ಸುಟ್ಟರೆ ಮೀನಿನ ಹಾಗೇ ನಾರುತ್ತದೆ. ಬಿಚ್ಚಿ ನೋಡಿದರೆ ನಾನು ಸುತ್ತಿದ ಟೇಪು ಬೆಲ್ಲದ ಪಾಕದಂತೆ ಕರಗಿ ಇಳಿದಿತ್ತು. ತಾಮ್ರದ ಎಳೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಬೋರ್ಡಿನ ಹಿಂದಿನ ಮರದ ಪೆಟ್ಟಿಗೆಯ ಒಂದು ಮೂಲೆ ಇದ್ದಿಲಾಗಿತ್ತು.

ಆಮೇಲೆ ಕಾಗದ ಪೆನ್ಸಿಲ್ಲು ತೆಗೆದುಕೊಂಡು ಕೂತೆ. ಮೊದಲೇ ಕೂರಬೇಕಿತ್ತು. ನೀವೂ ನನ್ನ ಜೊತೆ ಲೆಕ್ಕ ಹಾಕಿ, ಕಷ್ಟದ್ದೇನಲ್ಲ. ರಾಡು 1500 ವ್ಯಾಟು, ಹೀಟರು 2000 ವ್ಯಾಟು, ಒಟ್ಟು 3500. ಮನೆಗೆ ಬರುವುದು 230 ವೋಲ್ಟು. ಭಾಗಿಸಿದರೆ 15 ಆಂಪಿಯರಿಗೆ ಸ್ವಲ್ಪ ಹೆಚ್ಚು. ಅಡುಗೆಮನೆಗೆ ಹಿಂದೆ ಯಾರೋ ಹಾಕಿದ್ದದ್ದು ಒಂದು ಸ್ಕ್ವೇರ್ ಎಂಎಂ ವಾಯರು, ದೀಪಕ್ಕೆ ಫ್ಯಾನಿಗೆ ಸರಿಯಾದದ್ದು. ಮೇನ್ ಬೋರ್ಡಿನಿಂದ ಅಲ್ಲಿಗೆ 12 ಮೀಟರು, ಹೋಗಿ ಬರುವುದಕ್ಕೆ 24. ಅಷ್ಟು ಉದ್ದದ ಆ ತಾಮ್ರದ ರೋಧ ಅರ್ಧ ಓಮ್‌ಗಿಂತ ಕಡಿಮೆ, ಸುಮಾರು 0.43. ಇಷ್ಟು ಚಿಕ್ಕ ಸಂಖ್ಯೆ ಏನು ಮಾಡೀತು ಅನ್ನಿಸುತ್ತದೆ. ಆದರೆ ಕಾವಿನ ಲೆಕ್ಕದಲ್ಲಿ ಆಂಪಿಯರನ್ನು ಅದರಿಂದಲೇ ಒಮ್ಮೆ ಗುಣಿಸಬೇಕು: ಹದಿನೈದು ಹದಿನೈದಲೆ. ಅದಕ್ಕೆ ರೋಧವನ್ನು ಗುಣಿಸಿದರೆ ಹೆಚ್ಚುಕಡಿಮೆ 100 ವ್ಯಾಟು. ಅಂದರೆ ನಾನು ಗೋಡೆಯೊಳಗೆ ಒಂದು 100 ವ್ಯಾಟಿನ ಬಲ್ಬನ್ನು ಹುಗಿದು, ಮೇಲೆ ಗಿಲಾವು ಮಾಡಿ, ದಿನಾ ಬೆಳಿಗ್ಗೆ ಹೊತ್ತಿಸುತ್ತಿದ್ದೆ.

ಇದೇ ಜಾಗದಲ್ಲಿ 4 ಸ್ಕ್ವೇರ್ ಎಂಎಂ ವಾಯರು ಇದ್ದಿದ್ದರೆ ಕಾವು ಕಾಲುಭಾಗಕ್ಕೆ ಇಳಿದು 25 ವ್ಯಾಟಿನಷ್ಟಾಗುತ್ತಿತ್ತು, ಅದೂ ಇಡೀ ಉದ್ದಕ್ಕೆ ಹಂಚಿಹೋಗಿ ಗೋಡೆಗೆ ಗೊತ್ತೂ ಆಗುತ್ತಿರಲಿಲ್ಲ. ಇನ್ನು ನಾನು ಹುರಿ ಮಾಡಿದ ಆ ಜಾಯಿಂಟು. ಸಡಿಲ ಜಾಯಿಂಟಿನ ರೋಧ 0.2 ಓಮ್ ಎಂದು ಹಿಡಿಯಿರಿ, ಅಷ್ಟರಿಂದಲೇ 46 ವ್ಯಾಟು. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಬೆಸುಗೆ ಕಡ್ಡಿ 25 ವ್ಯಾಟಿನದು. ಅದಕ್ಕಿಂತ ಹೆಚ್ಚು ಕಾವು ನನ್ನ ಕಿರುಬೆರಳಿನ ಗೆಣ್ಣಿನಷ್ಟು ಜಾಗದಲ್ಲಿ ಕೂತಿತ್ತು. ವಾಯರಿನ ಮೇಲಿನ ಪಿವಿಸಿ ಹೊದಿಕೆಗೆ ತಡೆಯುವ ಶಕ್ತಿ 70 ಡಿಗ್ರಿಯವರೆಗೆ. ಮೀನಿನ ವಾಸನೆ ಬಾರದೆ ಇನ್ನೇನಾದೀತು?

"ಫ್ಯೂಸು ಇತ್ತಲ್ಲ, ಅದು ಯಾಕೆ ಹೋಗಲಿಲ್ಲ?" ಎಂದು ಕೇಳುವವರು ಇರಬಹುದು. ಇತ್ತು. ಪದೇ ಪದೇ ಹೋಗುತ್ತದೆಂದು ಅದಕ್ಕೆ ಎರಡೆಳೆ ತಂತಿ ಕಟ್ಟಿದ್ದೆ. ಅದನ್ನೂ ನಾನೇ ಕಟ್ಟಿದ್ದು.

ಈಗ ತಮಾಷೆ ನೋಡಿ. ಅದೇ ವಾರ ಕಾರ್ಖಾನೆಯಲ್ಲಿ ನಾನು ಹೇಗಿದ್ದೆ? ಅಲ್ಲಿ ಒಂದು ಮೋಟಾರಿನ ಮುಚ್ಚಳ ತೆಗೆಯಬೇಕಾದರೂ ಪರ್ಮಿಟ್ ಕಾಗದ ಬೇಕು, ಅದರ ಮೇಲೆ ಮೂವರ ಸಹಿ. ಫೀಡರ್ ಇಳಿಸಿ, ಅದಕ್ಕೆ ನನ್ನ ಬೀಗ ಹಾಕಿ, ಕೀಲಿಯನ್ನು ನನ್ನ ಜೇಬಿನಲ್ಲೇ ಇಟ್ಟುಕೊಂಡು, "ಮನುಷ್ಯ ಕೆಲಸ ಮಾಡುತ್ತಿದ್ದಾನೆ" ಎಂಬ ಹಲಗೆ ತೂಗುಹಾಕಿ, ಟೆಸ್ಟರಿನಿಂದ ಮೂರು ಸಲ ಮುಟ್ಟಿ ನೋಡಿದ ಮೇಲೆಯೇ ಸ್ಪ್ಯಾನರು ಕೈಗೆ. ಸಾಲ್ವೆಂಟ್ ಇರುವ ಜಾಗದಲ್ಲಿ ದೀಪದ ಗೂಡು ಕೂಡ ಕಿಡಿ ಹೊರಬಿಡದ ಎರಕದ ಕಬ್ಬಿಣದ್ದು. ಒಂದು ಡ್ರಮ್ಮಿನಿಂದ ಇನ್ನೊಂದು ಡ್ರಮ್ಮಿಗೆ ಸಾಲ್ವೆಂಟ್ ಸುರಿಯುವ ಮೊದಲು ಎರಡಕ್ಕೂ ತಾಮ್ರದ ಅರ್ಥ್ ಕ್ಲಿಪ್ಪು ಕಚ್ಚಿಸಬೇಕು, ಸುರಿಯುವ ರಭಸಕ್ಕೆ ಹುಟ್ಟುವ ವಿದ್ಯುತ್ತೇ ಬೆಂಕಿ ಹಚ್ಚೀತು ಎಂದು. ಕಣ್ಣಿಗೆ ಕಾಣದ ಆ ಕಿಡಿಗೆ ಅಷ್ಟು ಹೆದರುವ ಕಾಮಗಾರ, ಪಾಳಿ ಮುಗಿಸಿ ಮನೆಗೆ ಬಂದು ಫ್ರಿಜ್ಜಿನ ಪ್ಲಗ್ಗಿನ ಮೂರನೇ ಕಾಲನ್ನು ಪಕ್ಕಡಿನಿಂದ ಮುರಿದು ಎರಡು ತೂತಿನ ಸಾಕೆಟ್ಟಿಗೆ ಚುಚ್ಚುತ್ತಾನೆ. ಎಷ್ಟೋ ಜನ ಮಾಡಿದ್ದನ್ನು ನೋಡಿದ್ದೇನೆ. ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಇರುತ್ತಾನೆ, ಮನೆಯಲ್ಲಿ ಇಲ್ಲ ಎನ್ನುವುದು ಅರ್ಧ ಕಾರಣ. ಮನೆಯ ಕರೆಂಟು ಸಾಕಿದ ನಾಯಿಯಂತೆ, ಕಚ್ಚುವುದಿಲ್ಲ ಎಂಬ ನಂಬಿಕೆ ಇನ್ನರ್ಧ.

ಕಚ್ಚುತ್ತದೆ. 2024ರ ಜೂನ್ ತಿಂಗಳಲ್ಲಿ ಇದೇ ದೌಂಡ್ ತಾಲ್ಲೂಕಿನ ದಾಪೋಡಿಯಲ್ಲಿ, ಬಟ್ಟೆ ಒಣಹಾಕುವ ಕಬ್ಬಿಣದ ತಂತಿಗೆ ಕರೆಂಟು ಇಳಿದು ಒಂದೇ ಮನೆಯ ತಂದೆ, ತಾಯಿ, ಮಗ ಮೂವರೂ ತೀರಿಕೊಂಡರು. ತಗಡಿನ ಮನೆ. ಹೀಗೆ ಆಗುವ ದಾರಿ ನನಗೆ ಗೊತ್ತಿರುವುದರಿಂದ ಹೇಳುತ್ತೇನೆ. ಪತ್ರಾಸಿನ ಅಂಚು ಕತ್ತಿಯಿದ್ದಂತೆ. ಅದರ ಮೇಲೆ ಹಾದುಹೋದ ವಾಯರು ಗಾಳಿಗೆ ಅಲುಗಾಡಿ ಅಲುಗಾಡಿ ಹೊದಿಕೆ ಹರಿಯುತ್ತದೆ, ಬಿಸಿಲಿಗೆ ಒಣಗಿ ಸೀಳುತ್ತದೆ. ಬೇಸಿಗೆ ಪೂರ್ತಿ ಏನೂ ಆಗುವುದಿಲ್ಲ. ಮೊದಲ ಮಳೆ ಬಿದ್ದ ದಿನ ಪತ್ರಾಸು ಫೇಸನ್ನು ಮುಟ್ಟುತ್ತದೆ. ಆಗ ಶೆಡ್ಡಿನ ಗೋಡೆ, ಕಂಬ, ಕಂಬಕ್ಕೆ ಕಟ್ಟಿದ ತಂತಿ ಎಲ್ಲವೂ ಜೀವಂತ. ನೋಡಲು ನಿನ್ನೆ ಇದ್ದ ಹಾಗೇ ಇರುತ್ತವೆ. ಒದ್ದೆ ಬಟ್ಟೆ, ಬರಿಗಾಲು, ಹಸಿ ನೆಲ. ಒಬ್ಬರು ಹಿಡಿದುಕೊಂಡರೆ ಅವರನ್ನು ಬಿಡಿಸಲು ಹೋದವರೂ ಸಿಕ್ಕಿಬೀಳುತ್ತಾರೆ, ಯಾಕೆಂದರೆ ಬಿಡಿಸಲು ಓಡುವವರು ಮನೆಯವರೇ, ಮೇನ್ ಸ್ವಿಚ್ಚಿನ ನೆನಪು ಯಾರಿಗೂ ಬರುವುದಿಲ್ಲ.

ಅದಾದ ಮೇಲೆ ನಮ್ಮ ಓಣಿಯಲ್ಲಿ ಮನೆಮನೆಗೆ ಹೋಗಿ ಬಟ್ಟೆಯ ಕಬ್ಬಿಣದ ತಂತಿ ಬಿಚ್ಚಿಸಿ ಪ್ಲಾಸ್ಟಿಕ್ ಹಗ್ಗ ಕಟ್ಟಿಸಿದೆ. ಕೆಲವರು ನಕ್ಕರು. ಒಬ್ಬ ಅಜ್ಜಿ, "ಹಗ್ಗ ಜೋತು ಬೀಳ್ತದ, ಸೀರಿ ನೆಲಕ್ಕ ಹತ್ತತಾವ" ಎಂದು ಮಾರನೇ ದಿನವೇ ತಂತಿ ಮರಳಿ ಕಟ್ಟಿಕೊಂಡಳು. ಮತ್ತೆ ಹೋಗಿ ಹಗ್ಗವನ್ನು ಬಿಗಿದು, ನಡುವೆ ಒಂದು ಬಿದಿರಿನ ಊರುಗೋಲು ಕೊಟ್ಟು ಬಂದೆ.

ಅರ್ಥಿಂಗ್ ವಿಷಯಕ್ಕೆ ಬರೋಣ. ನಮ್ಮವರ ತಲೆಯಲ್ಲಿ ಒಂದು ಧೈರ್ಯವಿದೆ: ಕಂಬಿ ನೆಟ್ಟು, ಉಪ್ಪು ಇದ್ದಿಲು ಹಾಕಿದ್ದೇವೆ, ಇನ್ನು ಭಯವಿಲ್ಲ ಎಂದು. ಈ ಸೀಮೆಯ ನೆಲದ ಗುಣ ಕೇಳಿ. ಮೇಲೆ ಎರಡು ಮೊಳ ಮಣ್ಣು, ಕೆಳಗೆ ಕರಿಕಲ್ಲು. ಮಳೆ ಅಪರೂಪ. ಇಂಥ ನೆಲ ಮಾರ್ಚಿ ತಿಂಗಳಿಗೆ ಒಣಗಿ ಬಿರಿದಾಗ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಿಮ್ಮ ಅರ್ಥ್ ಕಂಬಿಯ ರೋಧ 20 ಓಮ್ ಇದೆ ಎನ್ನಿ. ಫೇಸು ಬಂದು ಗೀಜರಿನ ಮೈಗೆ ತಾಗಿತು. 230ನ್ನು 20ರಿಂದ ಭಾಗಿಸಿ: ಹನ್ನೊಂದೂವರೆ ಆಂಪಿಯರು ನೆಲಕ್ಕೆ ಹರಿಯುತ್ತದೆ. ಫ್ಯೂಸಿನ ಬದಲು ನೀವು ಈಗ ಹಾಕಿರುವ ಎಂಸಿಬಿ 16 ಆಂಪಿಯರಿನದು. ಅದರ ಪಾಲಿಗೆ ಏನೂ ಆಗಿಯೇ ಇಲ್ಲ. ಯಾರೋ ಇಸ್ತ್ರಿ ಮಾಡುತ್ತಿದ್ದಾರೆ ಎಂದುಕೊಂಡು ಅದು ತೆಪ್ಪಗಿರುತ್ತದೆ. ಗೀಜರಿನ ಮೈ ಮಾತ್ರ ಕರೆಂಟು ತುಂಬಿಕೊಂಡು ನಿಮ್ಮ ಕೈಗಾಗಿ ಕಾಯುತ್ತಿರುತ್ತದೆ. ಎಂಸಿಬಿ ಇರುವುದು ವಾಯರನ್ನು ಕಾಪಾಡಲಿಕ್ಕೆ, ಮನುಷ್ಯನನ್ನಲ್ಲ. ಇದು ಅರ್ಥವಾಗಲು ನನಗೇ ಬಹಳ ವರ್ಷ ಬೇಕಾಯಿತು.

ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ ಎಂಬ ಇನ್ನೊಂದು ಡಬ್ಬಿ. ಅದರ ಕೆಲಸ ಕಿರಾಣಿ ಅಂಗಡಿಯ ಲೆಕ್ಕದಂತೆ. ಫೇಸಿನಲ್ಲಿ ಹೋದದ್ದೆಷ್ಟು, ನ್ಯೂಟ್ರಲ್‌ನಲ್ಲಿ ಮರಳಿದ್ದೆಷ್ಟು ಎಂದು ಪ್ರತಿ ಕ್ಷಣ ತಾಳೆ ನೋಡುತ್ತದೆ. ನಡುವೆ 30 ಮಿಲಿ ಆಂಪಿಯರು ಕಳೆದುಹೋಯಿತು ಎಂದರೆ, ಅದು ಯಾರದೋ ಮೈಯಿಂದ ನೆಲಕ್ಕೆ ಇಳಿಯುತ್ತಿದೆ ಎಂದು ತಿಳಿದು ಸೆಕೆಂಡಿನ ಮೂರನೇ ಒಂದು ಭಾಗವೂ ಆಗುವುದರೊಳಗೆ ಬಾಗಿಲು ಮುಚ್ಚುತ್ತದೆ. ದೇವರ ಕೋಣೆಯ 15 ವ್ಯಾಟಿನ ಜೀರೋ ಬಲ್ಬು ಎಳೆದುಕೊಳ್ಳುವ ಕರೆಂಟಿನ ಅರ್ಧಕ್ಕಿಂತ ಕಡಿಮೆ ಆ 30 ಮಿಲಿ ಆಂಪಿಯರು. ಈ ಡಬ್ಬಿ ಒಣನೆಲದಲ್ಲೂ ಕೆಲಸ ಮಾಡುತ್ತದೆ. ಅರ್ಥಿಂಗ್ ಬೇಡ ಎಂದಲ್ಲ, ಅದೂ ಬೇಕು. ಪಾತ್ರೆ ತೊಳೆದ ನೀರನ್ನು ದಿನಾ ಅರ್ಥ್ ಕಂಬಿಯ ಗುಂಡಿಗೇ ಸುರಿಯಿರಿ. ಆರ್‌ಸಿಸಿಬಿಯ ಮೇಲೆ ಒಂದು ಪುಟ್ಟ ಟೆಸ್ಟ್ ಗುಂಡಿ ಇರುತ್ತದೆ, ಅಮಾವಾಸ್ಯೆಗೊಮ್ಮೆ ಒತ್ತಿ ನೋಡಿ.

ಇಲ್ಲಿ ವಾಯರ್‌ಮನ್‌ಗಳ ಒಂದು ಕಳ್ಳತನ ಹೇಳಿಬಿಡುತ್ತೇನೆ, ಸೋದರರು ಕ್ಷಮಿಸಬೇಕು. ಹೊಸ ಖೋಲಿಗೆ ಫೇಸನ್ನು ಒಂದು ಕಡೆಯಿಂದ ತಂದಿರುತ್ತಾರೆ, ನ್ಯೂಟ್ರಲ್ಲನ್ನು ಹತ್ತಿರ ಸಿಕ್ಕಿತೆಂದು ಬೇರೆ ಸಾಲಿನಿಂದ ಕದ್ದಿರುತ್ತಾರೆ. ಇನ್ನೂ ಸೋಮಾರಿಯಾದರೆ ಅರ್ಥ್ ವಾಯರನ್ನೇ ನ್ಯೂಟ್ರಲ್ ಮಾಡಿರುತ್ತಾರೆ. ದೀಪವೇನೋ ಹತ್ತುತ್ತದೆ. ಆರ್‌ಸಿಸಿಬಿ ಕೂಡಿಸಿದ ದಿನ ಲೆಕ್ಕ ತಾಳೆಯಾಗದೆ ಅದು ಮತ್ತೆ ಮತ್ತೆ ಬೀಳುತ್ತದೆ. ಆಗ ಮನೆಯವನಿಗೆ, "ಡಬ್ಬಿ ಖರಾಬ್ ಅದ ಸಾಹೇಬ್ರ, ಡೈರೆಕ್ಟ್ ಮಾಡಿಬಿಡ್ತೀನಿ" ಎನ್ನುತ್ತಾರೆ. ಕಳ್ಳನನ್ನು ಹಿಡಿದ ಕಾವಲುಗಾರನನ್ನೇ ಕೆಲಸದಿಂದ ತೆಗೆದಂತೆ. ಡೈರೆಕ್ಟ್ ಎಂಬ ಮಾತು ಬಂದರೆ ನೀವು ಅವನನ್ನು ಕೂರಿಸಿ, ಚಹಾ ಕೊಟ್ಟು, ನ್ಯೂಟ್ರಲ್ ಎಲ್ಲಿಂದ ತಂದಿ ಅಪ್ಪಾ ಎಂದು ಕೇಳಿ.

ಹಾಗಾದರೆ ಹೊಸ ಖೋಲಿಗೆ ಕರೆಂಟು ಎಲ್ಲಿಂದ ಬರಬೇಕು? ಟೊಂಗೆಯಿಂದ ಅಲ್ಲ, ಬೊಡ್ಡೆಯಿಂದ. ಮೀಟರಿನ ಪಕ್ಕದ ಮೇನ್ ಬೋರ್ಡಿನಿಂದ ಅದರದೇ ಫೇಸು, ಅದರದೇ ನ್ಯೂಟ್ರಲ್, ಅದರದೇ ಹಸಿರು ಅರ್ಥ್ ವಾಯರು, ಅದರದೇ ಎಂಸಿಬಿ. ದೀಪ, ಫ್ಯಾನಿಗೆ ಒಂದೂವರೆ ಸ್ಕ್ವೇರ್ ಎಂಎಂ, ಪ್ಲಗ್ಗುಗಳಿಗೆ ಎರಡೂವರೆ, ಗೀಜರಿಗೂ ಎಸಿಗೂ ನಾಲ್ಕು, ಅದೂ ಒಂದೊಂದಕ್ಕೆ ಬೇರೆ ಬೇರೆ ಸಾಲು. ಹಳೆಯ ವಾಯರ್‌ಮನ್‌ಗಳು ಇನ್ನೂ "ತ್ರೀ ಟ್ವೆಂಟಿಟೂ ಸಾಕು, ಸೆವೆನ್ ಟ್ವೆಂಟಿ ಯಾಕೆ" ಎನ್ನುತ್ತಾರೆ. ಅದು ಇಪ್ಪತ್ತೆರಡು ಗೇಜಿನ ಮೂರೆಳೆ, ಇಪ್ಪತ್ತು ಗೇಜಿನ ಏಳೆಳೆ ಎಂಬ ಅಜ್ಜನ ಕಾಲದ ಲೆಕ್ಕ. ಅವರ ಜೊತೆ ವಾದ ಬೇಡ, ವಾಯರಿನ ಮೈಮೇಲೆಯೇ ಸೈಜು ಮತ್ತು ಐಎಸ್ 694 ಎಂದು ಅಚ್ಚಾಗಿರುತ್ತದೆ, ಕನ್ನಡಕ ಹಾಕಿಕೊಂಡು ಓದಿ. ಒಂದು ಸುರುಳಿಯಲ್ಲಿ 90 ಮೀಟರ್. ಹಳೆಯ ಮನೆಯಲ್ಲಿ ಅಲ್ಯೂಮಿನಿಯಂ ವಾಯರು ಇದ್ದರೆ ಅದಕ್ಕೆ ತಾಮ್ರವನ್ನು ಹೊಸೆಯುವ ಯೋಚನೆಯೇ ಬೇಡ. ಎರಡೂ ಕಾವಿಗೆ ಒಂದೇ ಸಮ ಹಿಗ್ಗುವುದಿಲ್ಲ. ದಿನಾ ಹಿಗ್ಗಿ ಕುಗ್ಗಿ ಜಾಯಿಂಟು ತಾನಾಗಿ ಸಡಿಲವಾಗುತ್ತದೆ, ಅಲ್ಯೂಮಿನಿಯಂ ಮೇಲೆ ಕಿಲುಬು ಕಟ್ಟುತ್ತದೆ, ಮತ್ತೆ ಮೀನಿನ ವಾಸನೆ.

ಮೀಟರಿಗೂ ಒಂದು ಅಳತೆ ಇದೆ. ಇಲ್ಲಿ ಕರೆಂಟು ಕೊಡುವ ಮಹಾವಿತರಣದ ಬಿಲ್ಲು ಮರಾಠಿಯಲ್ಲಿದೆಯೆಂದು ನಮ್ಮವರು ಕೊನೆಯ ಸಾಲಿನ ರೂಪಾಯಿ ಬಿಟ್ಟು ಬೇರೇನೂ ನೋಡುವುದಿಲ್ಲ. ಅದರಲ್ಲಿ "ಮಂಜೂರ ಭಾರ" ಎಂದೊಂದು ಸಾಲಿದೆ. ಎರಡೂ ಪದ ಕನ್ನಡದವರಿಗೂ ಗೊತ್ತಿರುವವೇ. ಒಂದು ಖೋಲಿ ಇದ್ದಾಗ ಮಂಜೂರಾದ ಭಾರದ ಮೇಲೆ ನಾಲ್ಕು ಖೋಲಿ, ಎರಡು ಗೀಜರು ಹೇರಿದರೆ ಕಂಬದಿಂದ ಬರುವ ಸರ್ವಿಸ್ ವಾಯರೇ ಸುಡುತ್ತದೆ. ಭಾರ ಹೆಚ್ಚಿಸಿಕೊಳ್ಳಲು ಲೈಸೆನ್ಸ್ ಇರುವ ಗುತ್ತಿಗೆದಾರನ ಪರೀಕ್ಷಾ ವರದಿ ಬೇಕು. ಆ ಕಾಗದವನ್ನು ದುಡ್ಡು ಕೊಟ್ಟು ತರುವವರಿದ್ದಾರೆ. ತರಬೇಡಿ, ಮನುಷ್ಯನನ್ನೇ ಕರೆತನ್ನಿ. ಅವನು 500 ವೋಲ್ಟಿನ ಮೆಗ್ಗರ್ ಎಂಬ ಯಂತ್ರ ಹಚ್ಚಿ ನೋಡಿದರೆ ಗೋಡೆಯೊಳಗಿನ ಯಾವ ಸಾಲಿನ ವಾಯರಿನ ಹೊದಿಕೆ ಕೆಟ್ಟಿದೆ ಎಂದು ಗೋಡೆ ಒಡೆಯದೆ ತಿಳಿಯುತ್ತದೆ, ಗರ್ಭಿಣಿಯ ಹೊಟ್ಟೆಯ ಮೇಲೆ ಸೂಲಗಿತ್ತಿ ಕೈಯಿಟ್ಟು ಹೇಳಿದಂತೆ.

ಒಂದು ಅಡ್ಡಮಾತು. ಆಗಸ್ಟ್ 5 ನಮಗೆ ಕರೆಂಟಿನ ಹಬ್ಬದ ದಿನ. 1905ರಲ್ಲಿ ಅದೇ ದಿನ, ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿ ದೀಪ ಹತ್ತಿದ್ದು. ಅದಕ್ಕೂ ಮೂರು ವರ್ಷ ಮೊದಲೇ, 1902ರಲ್ಲಿ, ಆ ವಿದ್ಯುತ್ತು ಕೋಲಾರದ ಗಣಿಗೆ ಹೋಗಿತ್ತು. ಚಿನ್ನ ಮೊದಲು, ಜನ ಆಮೇಲೆ. 2023ರ ಆಗಸ್ಟ್ 5ರಂದು ನಮ್ಮ ಕಲಬುರಗಿಯಲ್ಲೇ ಗೃಹಜ್ಯೋತಿ ಯೋಜನೆಯ ಉದ್ಘಾಟನೆಯಾಯಿತು, 200 ಯೂನಿಟ್ಟಿನವರೆಗೆ ಬಿಲ್ಲಿಲ್ಲ. ಇಲ್ಲಿ ದುಡಿದು ಊರಿನಲ್ಲಿ ಖೋಲಿ ಕಟ್ಟಿಸುವವರಿಗೆ ಅದು ಹಿಗ್ಗಿನ ಸುದ್ದಿ. ಬಿಲ್ಲು ಸೊನ್ನೆ ಬಂದರೆ ವಾಯರಿನ ಭಾರವೂ ಸೊನ್ನೆ ಎಂದುಕೊಂಡವರನ್ನು ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕಂಡೆ. ಅವರ ಮನೆಯ ಬೋರ್ಡಿಗೆ ಮೂಗು ಹಚ್ಚಿ ನೋಡಿಬಂದೆ, ಇನ್ನೂ ವಾಸನೆಯಿಲ್ಲ.

ಈಗ ನನ್ನ ಮಗ ಮಾಳಿಗೆಯ ಮೇಲೆ ಖೋಲಿ ಕಟ್ಟಿಸುತ್ತಿದ್ದಾನೆ. ಹೋದ ತಿಂಗಳು ಸ್ಲ್ಯಾಬು ಹಾಕಿದರು. ಸೆಂಟ್ರಿಂಗ್ ಮೇಲೆ ಸಲಾಕೆ ಕಟ್ಟಿ ಮುಗಿಸಿ, ಕಾಂಕ್ರೀಟು ಇನ್ನೂ ಬೀಳದ ಆ ಒಂದು ಸಂಜೆಯೇ ನಮ್ಮಂಥವರ ಮುಹೂರ್ತ. ಅವತ್ತು ಪೈಪು ಕೂಡಿಸಿದರೆ ಕೂಡಿಸಿದಂತೆ, ಮರುದಿನದಿಂದ ಉಳಿಯೇ ಗತಿ. ಮಗ ಕೇಳಿದ್ದಕ್ಕಿಂತ ಒಂದು ಪೈಪು ಹೆಚ್ಚಿಗೆ ಹಾಕಿದೆ. ಮೇನ್ ಬೋರ್ಡಿನಿಂದ ಗೋಡೆಯೊಳಗೆ ಹಾದು ಮಾಳಿಗೆಯ ಮೂಲೆಯಲ್ಲಿ ಮೇಲಕ್ಕೆ ಬರುತ್ತದೆ. ಒಳಗೆ ವಾಯರಿಲ್ಲ, ಮುಂದೆ ಯಾರಾದರೂ ವಾಯರು ಎಳೆದುಕೊಳ್ಳಲು ಒಂದು ಉಕ್ಕಿನ ಎಳೆ ಮಾತ್ರ ಬಿಟ್ಟಿದ್ದೇನೆ. "ಇದು ಯಾತಕ್ಕಪ್ಪಾ, ಇನ್ನೊಂದು ಖೋಲಿ ಎಲ್ಲಿ ಕಟ್ಟೋದೈತಿ?" ಎಂದು ಮಗ ಕೇಳಿದ. ಹಲ್ಲಿ ಹೊಗದಿರಲೆಂದು ಪೈಪಿನ ಬಾಯಿಗೆ ಹಳೆಯ ಧೋತರದ ಚೂರನ್ನು ತುರುಕುತ್ತಿದ್ದೆ. ಮೊಮ್ಮಗಳು ಅದನ್ನು ಎಳೆದೆಳೆದು ಹೊರಗೆ ತೆಗೆಯುತ್ತಿದ್ದಾಳೆ, ನಾನು ಮತ್ತೆ ತುರುಕುತ್ತಿದ್ದೇನೆ.